ಇಪ್ಪತ್ತೇಳನೆಯ ಹೆಸರು

ಆ ಮನೆಯಲ್ಲಿ ಕಟ್ಟಳೆ ಅಂತ ಇದ್ದದ್ದು ಒಂದೇ. ಊಟದ ಮೇಜಿನ ಹತ್ತಿರ ಸೊಸೆಯ ಕೆಲಸದ ಮಾತು ಬರಕೂಡದು. ಜೈಲು, ಪೊಲೀಸು, ಸಾಕ್ಷಿ, ಯಾರದೋ ಹೆಸರು, ಯಾವುದೂ. ಕಟ್ಟಳೆ ಮಾಡಿದವಳು ಸೊಸೆ. ಪಾಲಿಸಬೇಕಾದವರು ಅವಳ ಗಂಡ, ಅತ್ತೆ ಮತ್ತು ಹದಿಮೂರು ವರ್ಷದ ಮಗಳು. ಮಗಳ ಬಾಯಿಗೆ ಹೆದರಿ ಮನೆಯವರೆಲ್ಲ ಅವಳನ್ನು ಪಟಾಕಿ ಎಂದೇ ಕರೆಯುತ್ತಿದ್ದರು.

ಸೊಸೆ ಮಾನವ ಹಕ್ಕುಗಳ ಅಧಿಕಾರಿ. ಮೂರು ವರ್ಷಕ್ಕೊಮ್ಮೆ ಗಂಟುಮೂಟೆ ಕಟ್ಟಿ ಇನ್ನೊಂದು ದೇಶಕ್ಕೆ ಹೋಗಬೇಕಾದ ನೌಕರಿ. ಕೂಡಿಹಾಕಿದವರನ್ನು ಹೋಗಿ ನೋಡುವುದು, ಒಬ್ಬೊಬ್ಬರನ್ನೇ ಕೂರಿಸಿಕೊಂಡು ಯಾರು ಹಿಡಿದು ತಂದರು, ಊಟ ಕೊಡುತ್ತಾರೋ, ಹೊಡೆದರೋ, ನೀವು ಇಲ್ಲಿರುವುದು ಮನೆಯವರಿಗೆ ಗೊತ್ತೋ ಎಂದು ಕೇಳಿ ಬರೆದುಕೊಳ್ಳುವುದು ಅವಳ ಕೆಲಸ. ಯಾರನ್ನೂ ಬಿಡಿಸುವ ಅಧಿಕಾರ ಅವಳಿಗಿಲ್ಲ. ಆದರೆ ಒಳಗಿರುವವನ ಹೆಸರು ಒಮ್ಮೆ ಹೊರಗಿನ ಕಾಗದದ ಮೇಲೆ ಬಂತೆಂದರೆ ಅವನು ಇಲ್ಲವೇ ಇಲ್ಲ ಎನ್ನುವುದು ಕಷ್ಟ. ಅಷ್ಟು ಮಾಡಿಸಲು ಅವಳು ಊಟ ನಿದ್ದೆ ಬಿಟ್ಟು ದುಡಿಯುತ್ತಿದ್ದಳು. ಅದರಲ್ಲಿ ಅವಳನ್ನು ಆಡಿಕೊಳ್ಳುವ ಹಾಗಿರಲಿಲ್ಲ.

ಕಟ್ಟಳೆಗೂ ಕಾರಣವಿತ್ತು. ಹಿಂದಿನ ದೇಶದಲ್ಲಿದ್ದಾಗ, ಎಂಟು ವರ್ಷದ ಪಟಾಕಿ ಊಟದ ಹೊತ್ತಿನಲ್ಲಿ ಕಿವಿಗೆ ಬಿದ್ದ ಒಬ್ಬ ಬಸ್ ಡ್ರೈವರನ ವಿಷಯವನ್ನು ಶಾಲೆಯ ಗೆಳತಿಗೆ ಹೇಳಿದ್ದಳು. ಗೆಳತಿಯ ಅಪ್ಪ ಯಾರ ಕಡೆಯವನು ಎಂದು ಮಗುವಿಗೇನು ಗೊತ್ತು? ವಾರದೊಳಗೆ ಆ ಡ್ರೈವರ್ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಊರು ಬಿಡಬೇಕಾಯಿತು. ಅಂದಿನಿಂದ ಮೇಜಿನ ಮೇಲೆ ಅನ್ನ, ಬೇಳೆ, ಪಲ್ಯ, ಮೊಸರು ಬಿಟ್ಟರೆ ಹವಾಮಾನ. ಕಟ್ಟಳೆ ಸರಿಯಾದದ್ದೇ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಫೀಸಿನ ಮಾತು ಹೊರಗೆ ಹೋಗಬಾರದು ಎಂದು ಮಾಡಿದ್ದು ಅದು. ಹೊರಗಿನ ಮಾತು ಒಳಗೆ ಬರಬೇಕಾದೀತು ಎಂದು ಯಾರೂ ಯೋಚಿಸಿರಲಿಲ್ಲ.

ಅಡಿಗೆ ಗಂಡನದು. ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದವನು ಹೆಂಡತಿಯ ವರ್ಗಾವಣೆಗಳ ಹಿಂದೆ ಸುತ್ತಿ ಸುತ್ತಿ ಕೊನೆಗೆ ಸೌಟು ಹಿಡಿದಿದ್ದ. ಪಲ್ಯದ ತಳ ಹಿಡಿದ ದಿನ ಯಾರಾದರೂ ಏನಾದರೂ ಅಂದರೆ, "ನಾನೇನು ಈ ಕೆಲಸಕ್ಕೆ ಅರ್ಜಿ ಹಾಕಿರ್ಲಿಲ್ಲ" ಎನ್ನುತ್ತಿದ್ದ. ಅತ್ತೆ ಬಂದು ಎಂಟು ತಿಂಗಳಾಗಿತ್ತು. ಮಾವ ಹೋದ ಮೇಲೆ ಮಗನೇ ಹೋಗಿ ಕರೆತಂದಿದ್ದ. ಸೊಸೆ ಎರಡು ವರ್ಷವಾದರೂ ದುಭಾಷಿ ಇಲ್ಲದೆ ಆ ದೇಶದ ಭಾಷೆಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಅತ್ತೆ ಎಂಟೇ ತಿಂಗಳಲ್ಲಿ ಅದೇ ಭಾಷೆಯಲ್ಲಿ ಚೌಕಾಸಿ ಮಾಡಿ, ಬೈದು, ಬೈಸಿಕೊಂಡು ಬರುತ್ತಿದ್ದರು. ವ್ಯಾಕರಣ ದೇವರಿಗೇ ಪ್ರೀತಿ.

ಕಲಿಸಿದವಳು ಟೈಲರಮ್ಮ. ಎರಡು ಬೀದಿ ಆಚೆ, ಒಂದು ಕಟ್ಟಡದ ನೆಲಮಾಳಿಗೆಯಲ್ಲಿ ಅವಳ ಅಂಗಡಿ. ಹನ್ನೊಂದು ಮೆಟ್ಟಿಲು ಇಳಿದರೆ ಒಂದು ಮಿಷನ್ನು, ಒಂದು ಇಸ್ತ್ರಿ ಮೇಜು, ಹಗಲಲ್ಲೂ ಉರಿಯುವ ಒಂದು ದೀಪ. ಅತ್ತೆ ಕೋಟಿನ ಅಸ್ತರು ಹೊಲಿಸಲು ಹೋದವರು ಅಲ್ಲೇ ಕೂತುಬಿಟ್ಟರು. ದಿನಾ ಹನ್ನೊಂದರಿಂದ ಒಂದರವರೆಗೆ ಅವಳ ಪಕ್ಕ ಕೂತು ಅಂಚು ಮಡಿಚಿ ಹೊಲಿದುಕೊಡುವುದು, ಗುಂಡಿ ಹಚ್ಚುವುದು, ಹರಟುವುದು. ಆ ದೇಶದಲ್ಲಿ ಅತ್ತೆಗೆ ಇದ್ದ ಸ್ನೇಹ ಅದೊಂದೇ. ಅಲ್ಲಿಂದ ಬಂದ ದಿನ ಎರಡು ತುತ್ತು ಹೆಚ್ಚೇ ಉಣ್ಣುತ್ತಿದ್ದರು.

ಒಂದು ಸಂಜೆ ಅನ್ನ ಕಲಸುತ್ತ ಅತ್ತೆ, "ಟೈಲರಮ್ಮನ ಮಗ ಮನೆ ಸೇರದೆ ಆರು ವಾರ ಆಯ್ತಂತೆ" ಎಂದರು.

"ಯಾವ ಟೈಲರಮ್ಮ?" ಮಗ ಕೇಳಿದ.

"ನಿನ್ನ ಪ್ಯಾಂಟಿಗೆ ಜಿಪ್ ಹಾಕಿಕೊಟ್ಟಳಲ್ಲ, ಅವಳು. ಹತ್ತೊಂಬತ್ತು ವರ್ಷದ ಹುಡುಗ ಕಣೋ. ದೊಡ್ಡ ರಸ್ತೇಲಿ ಏನೋ ಮೆರವಣಿಗೆ, ಗಲಾಟೆ. ಇವನು ಪಾಪ ದಾರದುಂಡೆ ತರೋಕೆ ಹೋಗಿದ್ನಂತೆ. ಪೊಲೀಸರು..."

ಸೊಸೆ ಅಂಗೈ ಎತ್ತಿದಳು. "ಅತ್ತೆ. ಮೇಜಿನ ಹತ್ರ ಬೇಡ."

"ನಿನ್ನ ಆಫೀಸಿನ ಮಾತಲ್ಲಮ್ಮ. ನನ್ನ ಸ್ನೇಹಿತೆ ಮಾತು."

"ಪೊಲೀಸು ಅಂತ ಬಂದ ಮೇಲೆ ಅದು ನನ್ನ ಆಫೀಸಿನದ್ದೇ."

"ಮತ್ತೆ ಎಲ್ಲಿ ಹೇಳ್ಲಿ?"

"ಎಲ್ಲೂ ಬೇಡ. ಅವರೇ ಆಫೀಸಿಗೆ ಬಂದು ಹೇಳ್ಲಿ. ಅದಕ್ಕೊಂದು ಕ್ರಮ ಇದೆ."

"ಅಜ್ಜಿ, ಹವಾಮಾನ ಮಾತಾಡು. ಅದಕ್ಕೆ ಪರ್ಮಿಷನ್ ಇದೆ" ಎಂದಳು ಪಟಾಕಿ. ಮಗ ನಕ್ಕು ಇನ್ನಷ್ಟು ಪಲ್ಯ ಬಡಿಸಿದ. ಅತ್ತೆ ಮಾತು ನುಂಗಿಕೊಂಡು ಮೊಸರು ಹಾಕಿಕೊಂಡರು.

ಅತ್ತೆಯ ಕಥೆಗಳೂ ಹಾಗೇ ಇರುತ್ತಿದ್ದವು, ಅದೂ ನಿಜ. ಬ್ರೆಡ್ಡಿನ ಅಂಗಡಿಯವನ ಎರಡನೇ ಮದುವೆ, ಮೇಲಿನ ಮನೆಯವರ ಬೆಕ್ಕಿನ ಬಾಣಂತನ, ಎಲ್ಲಕ್ಕೂ ಒಂದೇ ಪೀಠಿಕೆ, ಒಂದೇ ಉದ್ದ. ಯಾವುದು ಕಾಳು ಯಾವುದು ಜೊಳ್ಳು ಎಂದು ದಣಿದು ಬಂದವಳು ಕೇರಿ ನೋಡಲು ಕೂರುತ್ತಿರಲಿಲ್ಲ.

ಎರಡನೆಯ ಸಲ ಒಂದು ಭಾನುವಾರ. ಸೊಸೆ ಅಂಗಿಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಅತ್ತೆ ಬಾಗಿಲಲ್ಲಿ ನಿಂತು, "ಇದು ಊಟದ ಮೇಜಲ್ಲ ತಾನೆ?" ಎಂದು ಶುರು ಮಾಡಿದರು. "ಅವಳಿಗೆ ಆಫೀಸಿಗೆ ಹೋಗು ಅಂತ ಹೇಳ್ದೆ. ಬರಲ್ವಂತೆ. ನಿಮ್ಮ ಗೇಟಿನ ಎದುರು ಹಣ್ಣಿನ ಗಾಡಿ ಪಕ್ಕ ಒಬ್ಬ ನಿಂತಿರ್ತಾನಂತೆ, ಒಳಗೆ ಹೋದವರನ್ನೆಲ್ಲ ನೋಡ್ಕೋತಾನಂತೆ. ಮಗಳು ಬೇರೆ ಇದಾಳೆ ಅವಳಿಗೆ. ನೀನೇ ಒಂದು ಗಳಿಗೆ ಅಂಗಡಿಗೆ ಬಂದ್ರೆ..."

"ಅತ್ತೆ, ನಾನು ಹಾಗೆ ಯಾರ್ಯಾರ ಅಂಗಡಿಗೆ ಹೋಗೋ ಹಾಗಿಲ್ಲ. ನನ್ನ ಕಾರು ನಿಂತ ಕಡೆ ನಾಳೆ ಇನ್ನೊಂದು ಕಾರು ನಿಲ್ಲತ್ತೆ."

"ಕಾರ್ಯಾಕೆ, ಎರಡು ಬೀದಿ. ನಡ್ಕೊಂಡು ಬಾ. ಕೈಲೊಂದು ಹರಿದ ಲಂಗ ಹಿಡ್ಕೊ."

ಈಗ ಯೋಚಿಸಿದರೆ ಅದಕ್ಕಿಂತ ಒಳ್ಳೆಯ ಉಪಾಯವನ್ನು ಆ ಆಫೀಸಿನಲ್ಲಿ ಯಾರೂ ಕೊಟ್ಟಿರಲಿಲ್ಲ. ಆದರೆ ಸೊಸೆ ಇಸ್ತ್ರಿಯನ್ನು ಎತ್ತಿಟ್ಟು, "ಅತ್ತೆ, ಪ್ಲೀಸ್. ಈ ವಾರ ನನ್ನ ತಲೆ ತಿನ್ಬೇಡಿ" ಎಂದಳು. ಅತ್ತೆಗೆ ಚುರುಕ್ಕೆಂದಿತು. ಅಂದು ಸಂಜೆಯವರೆಗೆ ಅವರು ತಮ್ಮ ಕೋಣೆಯಿಂದ ಹೊರಗೆ ಬರಲಿಲ್ಲ.

ಆ ವಾರ ಅವಳ ತಲೆ ಕೆಟ್ಟಿದ್ದೂ ಸುಳ್ಳಲ್ಲ. ಏಳು ತಿಂಗಳು ಕಾಗದ ಬರೆದು ಬರೆದು ಒಂದು ದಿನದ ಭೇಟಿಗೆ ಅಪ್ಪಣೆ ಸಿಕ್ಕಿತ್ತು. ಊರಾಚೆ, ಹಿಂದೊಮ್ಮೆ ನೂಲಿನ ಗಿರಣಿಯಾಗಿದ್ದ ಕಟ್ಟಡ. ಅಲ್ಲಿ ಎಷ್ಟು ಜನರನ್ನು ಇಟ್ಟಿದ್ದಾರೆ ಎಂದು ಹೊರಗೆ ಯಾರಿಗೂ ಗೊತ್ತಿಲ್ಲ. ಷರತ್ತು ಒಂದೇ. ಮನೆಯವರು ಹುಡುಕುತ್ತಿರುವವರ ಪಟ್ಟಿಯನ್ನು ಬೆಳಿಗ್ಗೆ ಬಾಗಿಲಲ್ಲಿ ಕೊಡಬೇಕು. ಪಟ್ಟಿಯಲ್ಲಿದ್ದವರನ್ನು ಎದುರಿಗೆ ತಂದು ಕೂರಿಸುತ್ತಾರೆ, ರಿಜಿಸ್ಟರಿನಲ್ಲಿ ತೋರಿಸುತ್ತಾರೆ. ಇಲ್ಲದ ಹೆಸರಿಗೆ ಉತ್ತರವಿಲ್ಲ. ಒಮ್ಮೆ ಕೊಟ್ಟ ಮೇಲೆ ಒಂದಕ್ಷರ ಸೇರಿಸುವ ಹಾಗಿಲ್ಲ. ಸೊಸೆಯ ಹತ್ತಿರ ಇಪ್ಪತ್ತಾರು ಹೆಸರುಗಳಿದ್ದವು. ಒಂದೊಂದನ್ನೂ ಮನೆಯವರ ಬಾಯಿಂದಲೇ ಕೇಳಿ, ಒಪ್ಪಿಗೆ ಪಡೆದು, ಎರಡೆರಡು ಸಲ ತಾಳೆ ನೋಡಿ ಸೇರಿಸಿದ್ದು.

ಭೇಟಿಯ ಹಿಂದಿನ ಸಂಜೆ ಊಟವಾಗಿ ಸೊಸೆ ಪಾತ್ರೆ ತೊಳೆಯುತ್ತಿದ್ದಳು. ಪಾತ್ರೆ ಅವಳ ಪಾಲಿನ ಕೆಲಸ, ಎಷ್ಟು ದಣಿದಿದ್ದರೂ ಬಿಡುತ್ತಿರಲಿಲ್ಲ. ಅತ್ತೆ ಬಂದು ಮಡಿಚಿದ ಒಂದು ಚೀಟಿಯನ್ನು ಸಿಂಕಿನ ಪಕ್ಕ ಇಟ್ಟರು.

"ಮಾತಾಡಲ್ಲ ನಾನು. ನೀನೇ ಮಾತು ಬೇಡ ಅಂದಿದೀಯ. ಬರೆದಿದೀನಿ. ಓದ್ಕೊ" ಎಂದು ಹೇಳಿ, ಅವಳ ಉತ್ತರಕ್ಕೂ ಕಾಯದೆ ಹೋದರು.

ಸೊಸೆಗೆ ಮೈ ಉರಿಯಿತು. ಮಾತಿಗೇ ಬೇಡ ಎಂದರೆ ಈಗ ಬರವಣಿಗೆ! ಮನೆಯಲ್ಲಿ ಯಾರದೇ ಹೆಸರಿರುವ ಕಾಗದ ಇರಕೂಡದು ಎಂದು ಎಷ್ಟು ಸಲ ಹೇಳಿದ್ದಳು. ಮನೆ ಶೋಧ ಮಾಡಿದರೆ? ಕಸದ ಬುಟ್ಟಿ ಕೆದಕಿದರೆ? ಅವಳು ಚೀಟಿಯನ್ನು ಬಿಚ್ಚಲೂ ಇಲ್ಲ. ಸೋಪಿನ ನೀರಿನಲ್ಲಿ ಅದ್ದಿ, ಹಿಸುಕಿ ಉಂಡೆ ಮಾಡಿ, ಸಿಪ್ಪೆಗಳ ಜೊತೆ ಹಾಕಿದಳು. ಆಮೇಲೆ ಕೈ ತೊಳೆದುಕೊಂಡು ಉಳಿದ ಪಾತ್ರೆ ಮುಗಿಸಿದಳು. ಅದರಲ್ಲಿ ಇದ್ದದ್ದು ಮೂರೇ ಸಾಲು. ಹುಡುಗನ ಹೆಸರು, ವಯಸ್ಸು, ಹಿಡಿದುಕೊಂಡು ಹೋದ ದಿನ. ಟೈಲರಮ್ಮ ಹೇಳಿ ಬರೆಸಿದ್ದು, ಅತ್ತೆ ಕನ್ನಡದಲ್ಲಿ ದುಂಡಗೆ ಬರೆದದ್ದು.

ಮರುದಿನ ಗಿರಣಿಯ ಬಾಗಿಲಲ್ಲಿ ಪಟ್ಟಿ ಕೊಟ್ಟು, ಸೊಸೆ ಬೆಳಿಗ್ಗೆ ಒಂಬತ್ತರಿಂದ ಒಂದು ಕಿಟಕಿಯಿಲ್ಲದ ಕೋಣೆಯಲ್ಲಿ ಕೂತಳು. ಒಬ್ಬರಾದ ಮೇಲೆ ಒಬ್ಬರು ಬಂದರು. ಹದಿನೈದನೆಯವನು ನಡುವಯಸ್ಸಿನ ಗಾರೆ ಕೆಲಸದವ. ಎಲ್ಲ ಹೇಳಿ ಮುಗಿಸಿ ಏಳುವಾಗ ದುಭಾಷಿಯ ಮೂಲಕ ಇನ್ನೊಂದು ಮಾತು ಹೇಳಿದ. "ಕೊನೇ ಕೋಣೇಲಿ ಒಬ್ಬ ಹುಡುಗ ಇದಾನೆ. ಅವನನ್ನೂ ಕೇಳಿ. ನಮ್ಮ ಅಂಗಿಗಳ ಗುಂಡಿ ಹಚ್ಚಿಕೊಡೋದು ಅವನೇ. ರಾತ್ರಿ ಅವನನ್ನ ಮಾತ್ರ ಹೊರಗೆ ಕರ್ಕೊಂಡು ಹೋಗ್ತಾರೆ."

"ಹೆಸರು?"

"ಗೊತ್ತಿಲ್ಲ. ಮಾತಾಡೋಕೆ ಬಿಡಲ್ಲ."

ಸೊಸೆ ಎದ್ದು ಹೋಗಿ ಅಲ್ಲಿಯ ಮುಖ್ಯಾಧಿಕಾರಿಯನ್ನು ಕೇಳಿದಳು. ಕೊನೆಯ ಕೋಣೆಯಲ್ಲಿ ಇರುವವರು ಯಾರು? ಆತ ಬಹಳ ಮರ್ಯಾದಸ್ಥ. ಕುರ್ಚಿ ಎಳೆದು ಕೊಟ್ಟ, ರಿಜಿಸ್ಟರನ್ನು ಅಂಗೈ ಕೆಳಗೆ ಒತ್ತಿ ಹಿಡಿದುಕೊಂಡ. "ಹೆಸರು ಹೇಳಿ ಮೇಡಂ, ಈಗಲೇ ಕರೆಸ್ತೀನಿ" ಎಂದ. ಅವಳಿಗೆ ಹೇಳಲು ಹೆಸರು ಇರಲಿಲ್ಲ. ಅವಳು ಮತ್ತೊಮ್ಮೆ ಕೇಳಿದಳು, ಇನ್ನೊಮ್ಮೆ ಕೇಳಿದಳು. ಆತ ಅದೇ ಮಾತನ್ನು ಅಷ್ಟೇ ಮರ್ಯಾದೆಯಿಂದ ಹೇಳಿದ. ಅವಳು ಕೋಣೆಗೆ ವಾಪಸಾಗಿ ಹದಿನಾರನೆಯವನನ್ನು ಕರೆದಳು.

ಆದರೂ ಒಟ್ಟಿನಲ್ಲಿ ಅದು ದೊಡ್ಡ ದಿನ. ಇಪ್ಪತ್ತಾರೂ ಮಂದಿ ಇದ್ದರು, ಜೀವಂತ ಇದ್ದರು. ಇಪ್ಪತ್ತಾರು ಮನೆಗಳಿಗೆ ಅವಳು ಸುದ್ದಿ ಕೊಡಬಹುದಿತ್ತು. ಸಂಜೆ ಊಟಕ್ಕೆ ಕೂತಾಗ ಅವಳ ಮುಖದಲ್ಲಿ ತಿಂಗಳುಗಟ್ಟಲೆ ಕಾಣದ ಗೆಲುವಿತ್ತು. ತನ್ನ ಕಟ್ಟಳೆಯನ್ನು ತಾನೇ ಚೂರು ಮುರಿದಳು.

"ಇವತ್ತು ಚೆನ್ನಾಗಾಯ್ತು. ಕೇಳಿದ ಒಂದೊಂದು ಹೆಸರಿಗೂ ಬಾಗಿಲು ತೆಗೆದ್ರು."

ಅತ್ತೆಯ ಮುಖ ಅರಳಿತು. "ನನಗೆ ಗೊತ್ತಿತ್ತು ಕಣೆ. ಹುಡುಗ ಹೇಗಿದಾನೆ? ಸೊರಗಿದಾನಾ?"

"ಯಾವ ಹುಡುಗ?"

"ಅದೇ, ಟೈಲರಮ್ಮನ ಮಗ. ಚೀಟಿ ಕೊಟ್ನಲ್ಲ."

ಸೊಸೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದಳು. ಆಮೇಲೆ ಅವಳು ಬಹಳ ಸಣ್ಣ ದನಿಯಲ್ಲಿ, "ಅವನಿಗೆ ಹೊಲಿಗೆ ಬರತ್ತಾ ಅತ್ತೆ?" ಎಂದು ಕೇಳಿದಳು.

"ಬರದೆ ಏನು? ಗುಂಡಿ, ಕಾಜಾ ಎಲ್ಲ ಅವನದೇ ಕೆಲಸ ಅಂಗಡೀಲಿ. ಯಾಕೆ?"

ಸೊಸೆ ಎದ್ದು ಹೋದಳು. ಬಚ್ಚಲ ಮನೆಯಲ್ಲಿ ನಲ್ಲಿ ಬಿಟ್ಟ ಸದ್ದು ಬಹಳ ಹೊತ್ತು ಕೇಳಿತು. ಹೊರಗೆ ಬಂದವಳು ಚೀಟಿಯನ್ನು ಏನು ಮಾಡಿದೆ ಎಂದು ನಿಂತಲ್ಲೇ ಹೇಳಿದಳು. ಮುಚ್ಚಿಡುವುದು ಅವಳ ಸ್ವಭಾವದಲ್ಲಿ ಇರಲಿಲ್ಲ.

"ಓದ್ಲೂ ಇಲ್ವಾ?" ಎಂದರು ಅತ್ತೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮಗ ಸುಮ್ಮನಿರಲಿಲ್ಲ. "ಅಮ್ಮ ಮೂರು ಸಲ ಹೇಳೋಕೆ ಬಂದ್ರು. ಮೂರು ಸಲ! ಊರಿನವರ ಮಾತೆಲ್ಲ ಕೇಳೋದು ನಿನ್ನ ನೌಕರಿ. ಮನೆಯವರು ಬಾಯಿ ತೆಗೆದ್ರೆ ಕೈ ಅಡ್ಡ ಹಿಡಿದೆ."

"ನೀವೂ ಮೇಜಿನ ಹತ್ರಾನೇ ಇದ್ರಲ್ಲ. ಒಂದು ಸಲ ಕೇಳು ಅಂತ ನೀವ್ಯಾಕೆ ಹೇಳ್ಲಿಲ್ಲ? ನಗ್ತಾ ಪಲ್ಯ ಬಡಿಸಿದ್ರಿ."

"ಕಟ್ಟಳೆ ನಿಂದು."

"ನನ್ನದಾ? ಅದು ಯಾಕೆ ಬಂತು ಅಂತ ನಿಮಗೆ ಗೊತ್ತಿಲ್ವಾ?"

"ನನ್ನಿಂದ ಬಂತು" ಎಂದಳು ಪಟಾಕಿ. "ನಾನು ಆವತ್ತು ಬಾಯಿ ಬಿಡದೆ ಇದ್ದಿದ್ರೆ ಅಮ್ಮ ಇವತ್ತು ಅಜ್ಜಿ ಮಾತು ಕೇಳ್ತಿದ್ಲು." ಅಷ್ಟು ಹೇಳಿ ಅವಳು ಬಿಕ್ಕಿದಳು. ದೊಡ್ಡವರ ಜಗಳ ಅಲ್ಲಿಗೇ ನಿಂತಿತು. ಅತ್ತೆ ಎಂಜಲು ಕೈಯಲ್ಲೇ ಮೊಮ್ಮಗಳನ್ನು ತಬ್ಬಿಕೊಂಡು ಕೂತರು.

ಮರುದಿನ ಬೆಳಿಗ್ಗೆ ಕೋಳಿ ಕೂಗುವ ಹೊತ್ತಿಗೇ ಸೊಸೆ ಆಫೀಸಿನಲ್ಲಿದ್ದಳು. ಗಿರಣಿಗೆ ಫೋನು ಮಾಡಿದಳು, ಹೆಸರು ಹೇಳಿದಳು. ಈಗ ಹೆಸರಿತ್ತು. ಬರಹದಲ್ಲಿ ಕೇಳಿ ಎಂದರು. ಬರೆದಳು. ಮಂತ್ರಾಲಯಕ್ಕೆ ಹೋಗಿ ಬೆಂಚಿನ ಮೇಲೆ ಕೂತಳು, ಮೇಲಿನವರಿಂದ ಹೇಳಿಸಿದಳು. ಹನ್ನೆರಡು ದಿನಕ್ಕೆ ಒಂದು ಸಾಲಿನ ಉತ್ತರ ಬಂತು. ಆ ಹೆಸರಿನ ವ್ಯಕ್ತಿ ಅಲ್ಲಿ ಯಾವತ್ತೂ ಇರಲಿಲ್ಲ. ಗಾರೆ ಕೆಲಸದವನ ಮಾತನ್ನು ಮುಂದಿಟ್ಟು ವಾದಿಸುವಂತೆಯೂ ಇರಲಿಲ್ಲ. ಹೇಳಿದವನು ಯಾರು ಎಂದು ಅವರಿಗೆ ತಿಳಿದರೆ ಅವನ ಗತಿ ಏನು? ಇನ್ನೊಂದು ಭೇಟಿಗೆ ಅರ್ಜಿ ಹಾಕಿದಳು. ಆರು ತಿಂಗಳ ಮೇಲೆ ನೋಡೋಣ ಎಂದರು.

ಆ ವಾರಗಳಲ್ಲಿ ಮನೆಯಲ್ಲಿ ಎಲ್ಲರೂ ಎಲ್ಲರಿಗೂ ವಿಪರೀತ ಮರ್ಯಾದೆ ಕೊಡುತ್ತಿದ್ದರು. ಪಲ್ಯದ ತಳ ಹಿಡಿದರೂ ಯಾರೂ ಅನ್ನಲಿಲ್ಲ. ಪಾತ್ರೆ ತೊಳೆಯಲು ಮಗ ಮುಂದೆ ಬಂದರೆ ಸೊಸೆ ಬಿಡುತ್ತಿರಲಿಲ್ಲ. ಅತ್ತೆ ಎಂದಿನಂತೆ ಹನ್ನೊಂದಕ್ಕೆ ಅಂಗಡಿಗೆ ಹೋಗಿ ಅಂಚು ಹೊಲಿದು ಬರುತ್ತಿದ್ದರು. ಟೈಲರಮ್ಮ ಕೇಳಲಿಲ್ಲ, ಇವರು ಹೇಳಲಿಲ್ಲ. ಇಂಥ ವಿಷಯದಲ್ಲಿ ಆತುರ ಮಾಡಿದರೆ ಕೆಡುತ್ತದೆ ಎಂದು ಆ ಹೆಂಗಸು ಬಾಯಿಗೆ ಬೀಗ ಹಾಕಿಕೊಂಡು ಕಾಯುತ್ತಿದ್ದಳು. ಆ ಕಾಯುವಿಕೆಯ ಪಕ್ಕ ದಿನಾ ಎರಡು ಗಂಟೆ ಕೂರುವುದು ಏನೆಂದು ಅತ್ತೆಗೇ ಗೊತ್ತು.

ಕೊನೆಗೊಂದು ದಿನ ಸೊಸೆ, "ಅತ್ತೆ, ಕಡತ ತೆರೀಬೇಕು. ತಾಯಿಯ ಹೇಳಿಕೆ ಇಲ್ಲದೆ ನಾನು ಮುಂದೆ ಹೋಗೋ ಹಾಗಿಲ್ಲ. ದುಭಾಷಿ ಕರ್ಕೊಂಡು ಬರ್ಲಾ?" ಎಂದು ಕೇಳಿದಳು.

"ಅವನು ಬೇಡ. ಅವನ ತಮ್ಮ ಸ್ಟೇಷನ್ನಿನಲ್ಲಿ ಗುಮಾಸ್ತ ಅಂತ ಅವಳಿಗೆ ಭಯ. ನಾನು ಕೂತ್ಕೋತೀನಿ."

ಮನೆಯವರನ್ನು ದುಭಾಷಿ ಮಾಡಿಕೊಳ್ಳುವುದು ನಿಯಮಕ್ಕೆ ವಿರುದ್ಧ. ಸೊಸೆ ಒಂದು ಹರಿದ ಲಂಗವನ್ನು ಚೀಲಕ್ಕೆ ಹಾಕಿಕೊಂಡು ಅತ್ತೆಯ ಹಿಂದೆ ನಡೆದಳು.

ಟೈಲರಮ್ಮ ಬಾಗಿಲು ಹಾಕಿ, ಸದ್ದು ಹೊರಗೆ ಕೇಳಿಸದಿರಲಿ ಎಂದು ಮಗಳಿಗೆ ಮಿಷನ್ನು ತುಳಿಯಲು ಹೇಳಿದಳು. ಹುಡುಗಿ ಬಟ್ಟೆಯಿಲ್ಲದ ಮಿಷನ್ನನ್ನು ತುಳಿಯುತ್ತಲೇ ಇದ್ದಳು. ತಾಯಿ ಹೇಳುತ್ತ ಹೋದಳು. ಮಗ ಹೋದ ದಿನ ಹಾಕಿಕೊಂಡ ಅಂಗಿಯ ಬಣ್ಣ, ಕೈಗೆ ಕೊಟ್ಟ ದಾರದ ತುಂಡಿನ ಬಣ್ಣ, ಎದುರಂಗಡಿಯವನು ನೋಡಿದ್ದು. ಅತ್ತೆ ಅಂಗಡಿಯ ಒಂದು ಲಂಗದ ಅಂಚು ಹೊಲಿಯುತ್ತಲೇ ಒಂದೊಂದನ್ನೂ ಕನ್ನಡಕ್ಕೆ ತಂದರು, ಸೊಸೆ ಬರೆದುಕೊಂಡಳು. ನಮೂನೆಯ ಕೊನೆಯ ಪ್ರಶ್ನೆ ಬಂತು. ಈ ವಿಷಯವನ್ನು ಇದಕ್ಕೆ ಮೊದಲು ಯಾರಿಗಾದರೂ ತಿಳಿಸಿದ್ದೀರಾ, ಯಾವಾಗ?

ಟೈಲರಮ್ಮ ಸೊಸೆಯನ್ನು ನೋಡಲಿಲ್ಲ, ಅತ್ತೆಯ ಕಡೆ ತಿರುಗಿದಳು. ಅವಳು ಕೇಳಿದ್ದು ಸೊಸೆಗೂ ಅರ್ಥವಾಯಿತು, ಅಷ್ಟು ಭಾಷೆ ಅವಳಿಗೆ ಬರುತ್ತಿತ್ತು. ಎಷ್ಟೋ ವಾರದ ಹಿಂದೆಯೇ ನಿನ್ನ ಕೈಯಲ್ಲಿ ಬರೆಸಿದೆನಲ್ಲ, ನಿನ್ನ ಸೊಸೆಗೆ ಕೊಡಲಿಲ್ಲವಾ?

ಸೊಸೆಯ ಪೆನ್ನು ನಿಂತಿತು. ಅತ್ತೆ ತಡವರಿಸಲಿಲ್ಲ. ಆ ಭಾಷೆಯಲ್ಲಿ ನಾಲ್ಕೈದು ಮಾತು ಹೇಳಿ, ತಮ್ಮ ಕೋಟಿನ ಜೇಬನ್ನು ತಟ್ಟಿ ತೋರಿಸಿ, ತಲೆ ತಗ್ಗಿಸಿದರು.

"ಏನಂದ್ರಿ ಅತ್ತೆ?"

"ಜೇಬಲ್ಲಿಟ್ಟು ಮರೆತೆ ಅಂದೆ. ವಯಸ್ಸಾಯ್ತು, ನೆನಪಿಲ್ಲ ಅಂದೆ. ಬರ್ಕೊ."

"ಅದು ಸುಳ್ಳು. ನಾನು ಹೇಳ್ತೀನಿ ಅವರಿಗೆ. ನೀವು ಅನುವಾದ ಮಾಡಿ ಸಾಕು."

"ಮಾಡಲ್ಲ." ಅತ್ತೆ ತಲೆ ಎತ್ತದೆ, ಬೈಗುಳದ ದನಿ ಬರದಂತೆ ಮೆಲ್ಲಗೆ ಹೇಳಿದರು. "ಅವಳ ಮಗನಿಗೆ ಈಗ ಇರೋದು ನೀನೊಬ್ಬಳೇ. ನಿನ್ನ ಮೇಲೆ ನಂಬಿಕೆ ಹೋದ್ರೆ ಅವಳು ಇನ್ನೊಂದು ಸಲ ಬಾಯಿ ಬಿಡಲ್ಲ. ನನ್ನ ಮೇಲೆ ಹೋದ್ರೆ ಏನು ನಷ್ಟ? ಬರ್ಕೊಳಮ್ಮ, ಅವಳು ನೋಡ್ತಿದಾಳೆ."

ನಾನು, ತಪ್ಪು. ಆ ಎರಡು ಪದಗಳು ಸೊಸೆಗೆ ಆ ಭಾಷೆಯಲ್ಲಿ ಗೊತ್ತಿದ್ದವು, ನಾಲಿಗೆಯ ತುದಿಯಲ್ಲೇ ಇದ್ದವು. ಅವಳು ಬಾಯಿ ತೆರೆದು ಟೈಲರಮ್ಮನ ಮುಖ ನೋಡಿದಳು. ಆ ಮುಖ ಸಿಟ್ಟಿನಿಂದ ಕೆಂಪಾಗಿತ್ತು, ಆದರೆ ಸಿಟ್ಟೆಲ್ಲ ಮುದುಕಿಯ ಮೇಲಿತ್ತು. ಸೊಸೆಯ ಕಡೆ ತಿರುಗಿದಾಗ ಆ ಕಣ್ಣುಗಳಲ್ಲಿ ಇನ್ನೂ ಆಸೆ ಇತ್ತು. ಸೊಸೆ ಬಾಯಿ ಮುಚ್ಚಿದಳು.

ಟೈಲರಮ್ಮ ಅತ್ತೆಯ ಮಡಿಲಲ್ಲಿದ್ದ ಅರ್ಧ ಹೊಲಿದ ಲಂಗವನ್ನು ಎಳೆದುಕೊಂಡು ಎರಡು ಮಾತು ಹೇಳಿದಳು. ಅತ್ತೆ ಅದನ್ನು ಅನುವಾದ ಮಾಡಲಿಲ್ಲ. ಸೂಜಿ ಚುಚ್ಚದಿರಲೆಂದು ಬೆರಳಿಗೆ ಹಾಕಿಕೊಂಡಿದ್ದ ಅಂಗುಸ್ತಾನವನ್ನು ಕಳಚಿ ಮೇಜಿನ ಮೇಲಿಟ್ಟು, ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತತೊಡಗಿದರು. ಹುಡುಗಿ ಬರೀ ಮಿಷನ್ನನ್ನು ಇನ್ನೂ ತುಳಿಯುತ್ತಿದ್ದಳು.

ಸೊಸೆ ಕೊನೆಯ ಪ್ರಶ್ನೆಯ ಎದುರು ಬರೆದಳು: ಪರಿಚಯದ ಒಬ್ಬ ವೃದ್ಧೆಗೆ ತಿಳಿಸಿದ್ದೆ, ಆಕೆ ತಲುಪಿಸಲು ಮರೆತರು. ಹದಿನಾಲ್ಕು ವರ್ಷದ ನೌಕರಿಯಲ್ಲಿ ಸುಳ್ಳೆಂದು ಗೊತ್ತಿದ್ದೂ ಅವಳು ಬರೆದ ಸಾಲು ಅದೊಂದೇ. ಬರೆದು, ತಾಯಿಯ ಕಡೆ ತಿರುಗಿಸಿ ಹೆಬ್ಬೆಟ್ಟು ಹಾಕಿಸಿಕೊಂಡು, ಅದರ ಕೆಳಗೆ ತನ್ನ ಸಹಿ ಹಾಕಿದಳು.